ಥರ್ಮೋಸ್ಟಾಟ್ ಬದಲಿಸಿದರೂ ಎಂಜಿನ್ ಕಾಯುವುದೇಕೆ?

ಪ್ರಶ್ನೆ: ನನ್ನ ಹಳೆಯ ಕಾರಿಗೆ ಬೇರೆ ಕಂಪನಿಯ ಥರ್ಮೋಸ್ಟಾಟ್ ಹಾಕಿಸಿದೆ. ಈಗ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಮೆಕ್ಯಾನಿಕ್ ಅದನ್ನು ತೆಗೆದೇಬಿಡೋಣ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ತೆಗೆಸಬೇಡಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರಲು ತಡವಾಗುತ್ತದೆ. ಡೀಸೆಲ್, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಮೊದಲ ಅನುಮಾನ ಗಾಳಿಯ ಮೇಲಿರಲಿ. ಕೂಲಂಟ್ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಥರ್ಮೋಸ್ಟಾಟಿಗೆ ಬಿಸಿ ಸರಿಯಾಗಿ ತಟ್ಟುವುದಿಲ್ಲ, ಅದು ತಡವಾಗಿ ತೆರೆಯುತ್ತದೆ. ಮುಳ್ಳು ಮೇಲಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಕೂಲಂಟ್ ಕಡಿಮೆಯಿದೆ, ಇಲ್ಲವೇ ಗಾಳಿ ಸೇರಿದೆ ಎಂದರ್ಥ. ಎಂಜಿನ್ ಪೂರ್ತಿ ತಣಿದ ಮೇಲೆ ಮಟ್ಟ ನೋಡಿ, ವಾಹನದ ಕೈಪಿಡಿಯಲ್ಲಿರುವ ಕ್ರಮದಂತೆ ಗಾಳಿ ತೆಗೆಸಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ.

ನಂತರ ಜೋಡಣೆ ನೋಡಿಸಿ. ಸ್ಪ್ರಿಂಗ್ ಮತ್ತು ಮೇಣ ತುಂಬಿದ ಭಾಗ ಎಂಜಿನ್ ಕಡೆಗಿರಬೇಕು. ಗಾಳಿ ಹೋಗುವ ಪುಟ್ಟ ರಂಧ್ರವಿದ್ದರೆ ಅದು ಸಾಮಾನ್ಯವಾಗಿ ಮೇಲ್ಭಾಗದಲ್ಲಿರಬೇಕು. ಗ್ಯಾಸ್ಕೆಟ್ ಹೊಸದಿರಲಿ.

ಇಷ್ಟಾದರೂ ಅನುಮಾನವಿದ್ದರೆ ಬಿಚ್ಚಿಸಿ, ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ದಾರದಿಂದ ತೂಗುಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದಿದ್ದರೆ ಸುಮಾರು 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯಲು ತೊಡಗಬೇಕು, ಥರ್ಮಾಮೀಟರ್ ಬಳಸಿ. ನೀರು ಕುದಿದರೂ ತೆರೆಯದಿದ್ದರೆ ಅಂಗಡಿಗೆ ಹಿಂದಿರುಗಿಸಿ. ಸರಿಯಾಗಿ ತೆರೆದರೆ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ಪರೀಕ್ಷೆಯಾಗಲಿ.

ಅಲ್ಲಿಯವರೆಗೆ ಘಾಟಿ ಹತ್ತಬೇಡಿ. ಒಮ್ಮೆ ಸಿಲಿಂಡರ್ ಹೆಡ್ ಸೊಟ್ಟಗಾದರೆ ಖರ್ಚು ಥರ್ಮೋಸ್ಟಾಟಿನ ಬೆಲೆಯ ಹಲವು ಪಟ್ಟಾಗುತ್ತದೆ.