ಮೊದಲ ಮೋಟಾರ್ ಸೈಕಲ್: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಪುಣೆ ಜಿಲ್ಲೆಯ ಭೋಸರಿಯು ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿದ ಕೈಗಾರಿಕಾ ಪ್ರದೇಶವಾಗಿದೆ. ಪುಣೆ-ನಾಸಿಕ್ ಹೆದ್ದಾರಿಯು ಇದರ ಮೂಲಕ ಹಾದು ಮೋಶಿ, ಚಾಕಣಗಳತ್ತ ಸಾಗುತ್ತದೆ. ಕಲಬುರಗಿ, ವಿಜಯಪುರ, ಬೀದರ ಜಿಲ್ಲೆಗಳಿಂದ ಬಂದ ಅನೇಕ ಕನ್ನಡಿಗರು ಈ ಭಾಗದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ರಾತ್ರಿ ಪಾಳಿ ಮುಗಿದಾಗ ಬಸ್ಸು ಸಿಗುವುದು ಕಷ್ಟ; ಹಂಚಿಕೆ ರಿಕ್ಷಾದ ಬಾಡಿಗೆ ದಿನದಿನವೂ ಕೈಬಿಡುತ್ತದೆ. ಸ್ವಂತ ಮೋಟಾರ್ ಸೈಕಲ್ ಇದ್ದರೆ ಖರ್ಚು ತಗ್ಗೀತೆಂಬ ಆಲೋಚನೆ ಇಂಥವರಲ್ಲಿ ಮೂಡುವುದು ಸಹಜ. ಈ ಆಲೋಚನೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ.

ತಿಂಗಳ ಖರ್ಚು

ಭೋಸರಿಯಿಂದ ಚಾಕಣದ ಕಾರ್ಖಾನೆಗೆ ಹೋಗಿಬರುವ ಕಾರ್ಮಿಕನೊಬ್ಬನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೋಗಿಬರುವ ದೂರ 30 ಕಿಲೋಮೀಟರ್, ಕೆಲಸದ ದಿನಗಳು 26 ಎಂದಾದರೆ ತಿಂಗಳಿಗೆ 780 ಕಿಲೋಮೀಟರ್ ಓಡಾಟವಾಗುತ್ತದೆ. ವಾಹನವು ಲೀಟರಿಗೆ 50 ಕಿಲೋಮೀಟರ್ ಓಡಿದರೆ 15.6 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 105 ರೂಪಾಯಿಯಂತೆ ಇದಕ್ಕೆ 1,638 ರೂಪಾಯಿ. ಸರ್ವಿಸ್, ಟಯರ್, ವಿಮೆಗಳಿಗೆ ಸರಾಸರಿ 400 ರೂಪಾಯಿ ಸೇರಿಸಿದರೆ ಒಟ್ಟು 2,038 ರೂಪಾಯಿ ಆಗುತ್ತದೆ. ಈಗ ಬಾಡಿಗೆಗೆಂದು ದಿನಕ್ಕೆ 120 ರೂಪಾಯಿ ತೆರುತ್ತಿದ್ದರೆ ತಿಂಗಳಿಗೆ 3,120 ರೂಪಾಯಿ. ಉಳಿತಾಯ 1,082 ರೂಪಾಯಿ. ಆದರೆ ವಾಹನವನ್ನು ಸಾಲದಲ್ಲಿ ಕೊಂಡಿದ್ದರೆ ಲೆಕ್ಕವು ಇಲ್ಲಿಗೆ ಮುಗಿಯುವುದಿಲ್ಲ.

ಬಡ್ಡಿಯ ಎರಡು ಬಗೆಗಳು

ವಾಹನದ ಬೆಲೆ ಎಲ್ಲ ಸೇರಿ 90,000 ರೂಪಾಯಿ, ಮುಂಗಡ 20,000, ಉಳಿದ 70,000 ರೂಪಾಯಿ ಮೂರು ವರ್ಷಗಳ ಸಾಲ ಎಂದಿಟ್ಟುಕೊಳ್ಳೋಣ. ಬಡ್ಡಿಯ ದರ ಶೇಕಡಾ 10. ಈ ದರವನ್ನು ಪ್ರತಿ ವರ್ಷವೂ ಇಡೀ ಅಸಲಿನ ಮೇಲೆ ಹಾಕಿದರೆ ಬಡ್ಡಿ 21,000 ರೂಪಾಯಿ, ಕಂತು ಸುಮಾರು 2,528 ರೂಪಾಯಿ. ಇದನ್ನು ‘ಫ್ಲಾಟ್’ ದರ ಎನ್ನುತ್ತಾರೆ. ಕಟ್ಟಿದ ಅಸಲನ್ನು ಕಳೆದು ಉಳಿದ ಬಾಕಿಯ ಮೇಲೆ ಮಾತ್ರ ಹಾಕಿದರೆ ಬಡ್ಡಿ ಸುಮಾರು 11,300 ರೂಪಾಯಿ, ಕಂತು ಸುಮಾರು 2,259 ರೂಪಾಯಿ. ಹೇಳುವ ದರ ಒಂದೇ ಆದರೂ ಅಂತರ ಸುಮಾರು 9,700 ರೂಪಾಯಿ. ಆದುದರಿಂದ ದರವೆಷ್ಟೆಂದು ಕೇಳಿದರೆ ಸಾಲದು. ಕೊನೆಯವರೆಗೆ ಕಟ್ಟಬೇಕಾದ ಒಟ್ಟು ಹಣವೆಷ್ಟೆಂದು ಕೇಳಿ, ಅದನ್ನು ಬರೆಯಿಸಿಕೊಳ್ಳಬೇಕು.

ಕಡಿಮೆ ಕಂತನ್ನೇ ಹಿಡಿದರೂ ಮೊದಲ ಮೂರು ವರ್ಷ ತಿಂಗಳ ವೆಚ್ಚ 4,297 ರೂಪಾಯಿ. ಅಂದರೆ ಬಾಡಿಗೆಗಿಂತ 1,177 ರೂಪಾಯಿ ಹೆಚ್ಚು. ಉಳಿತಾಯ ಆರಂಭವಾಗುವುದು ನಾಲ್ಕನೆಯ ವರ್ಷದಲ್ಲಿ. ಊರಿನಲ್ಲಿರುವ ತಂದೆತಾಯಿಗೆ ಕಳುಹಿಸುವ ಹಣದಿಂದಲೋ ಮಕ್ಕಳ ಶುಲ್ಕದಿಂದಲೋ ಈ ಅಂತರವನ್ನು ತುಂಬಬೇಕಾಗುವುದಾದರೆ ಖರೀದಿಯನ್ನು ಮುಂದೂಡುವುದೇ ಲೇಸು. ಅಂಚೆ ಕಛೇರಿಯ ಆವರ್ತ ಠೇವಣಿಯಲ್ಲಿ ಹಣ ಕೂಡಿಸಿ ಮುಂಗಡವನ್ನು ಹೆಚ್ಚಿಸಿಕೊಂಡರೆ ಸಾಲದ ಹೊರೆ ಇಳಿಯುತ್ತದೆ. ಪುಣೆ ನಗರದ ಕಡೆಗೆ ಕೆಲಸಕ್ಕೆ ಹೋಗುವವರು ನಾಸಿಕ್ ಫಾಟಾದ ಬಳಿಯ ಭೋಸರಿ ಮೆಟ್ರೋ ನಿಲ್ದಾಣವನ್ನೂ ಗಮನಿಸಬಹುದು. 2024ರ ಸೆಪ್ಟೆಂಬರಿನಿಂದ ಈ ಮಾರ್ಗವು ಸ್ವಾರಗೇಟ್‌ವರೆಗೆ ವಿಸ್ತರಿಸಿದೆ.

ಹಳೆಯ ವಾಹನ

ಸಾಲವಿಲ್ಲದೆ ಹಳೆಯ ವಾಹನ ಕೊಳ್ಳುವುದು ಇನ್ನೊಂದು ಮಾರ್ಗ. ಖರ್ಚುಗಳು ಮೇಲಿನಂತೆಯೇ ಇದ್ದಲ್ಲಿ, 35,000 ರೂಪಾಯಿಯ ವಾಹನದ ಬೆಲೆ ಎರಡು ವರ್ಷ ಎಂಟು ತಿಂಗಳಿನ ಉಳಿತಾಯದಿಂದ ಮರಳುತ್ತದೆ. ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ನೋಂದಣಿ ಪತ್ರದೊಂದಿಗೆ ಹೊಂದುವುದೇ, ಹಳೆಯ ಸಾಲ ಬಾಕಿ ಇದೆಯೇ ಎಂಬುದನ್ನು ಪರಿಶೀಲಿಸಿ, 29 ಮತ್ತು 30ನೆಯ ನಮೂನೆಗಳ ಮೂಲಕ ಹೆಸರು ಬದಲಾಯಿಸಿಕೊಳ್ಳತಕ್ಕದ್ದು.

ಊರಿನಿಂದ ತಂದ ವಾಹನಕ್ಕೆ ವಿಶೇಷ ನಿಯಮವಿದೆ. ಕರ್ನಾಟಕದಲ್ಲಿ ನೋಂದಣಿಯಾದ ವಾಹನವನ್ನು ಮಹಾರಾಷ್ಟ್ರದಲ್ಲಿ ಹನ್ನೆರಡು ತಿಂಗಳಿಗೆ ಮೀರಿ ಇರಿಸಿಕೊಂಡರೆ, 1988ರ ಮೋಟಾರು ವಾಹನಗಳ ಕಾಯಿದೆಯ 47ನೆಯ ಪ್ರಕರಣದಂತೆ ಇಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಕಛೇರಿಯಿಂದ ನಿರಾಕ್ಷೇಪಣಾ ಪತ್ರವನ್ನು 28ನೆಯ ನಮೂನೆಯಲ್ಲಿ ಪಡೆಯಬೇಕಾಗುತ್ತದೆ.

ಪರವಾನಗಿ, ವಿಮೆ, ಹೆಲ್ಮೆಟ್

ಗೇರುಳ್ಳ ಮೋಟಾರ್ ಸೈಕಲ್ ಓಡಿಸಲು 18 ವರ್ಷ ತುಂಬಿರಬೇಕು. ಕಲಿಕಾ ಪರವಾನಗಿ ಆರು ತಿಂಗಳು ಊರ್ಜಿತದಲ್ಲಿರುತ್ತದೆ. ಅದನ್ನು ಪಡೆದ 30 ದಿನಗಳ ಬಳಿಕ ಕಾಯಂ ಪರವಾನಗಿಗೆ ಪರೀಕ್ಷೆ ಕೊಡಬಹುದು. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಮೂರನೆಯ ವ್ಯಕ್ತಿಯ ವಿಮೆಯು 2018ರ ಸೆಪ್ಟೆಂಬರ್ 1ರಿಂದ ಕಡ್ಡಾಯವಾಗಿದೆ. ಈ ವಿಮೆಯು ಅಪಘಾತದಲ್ಲಿ ಪರರಿಗಾದ ಹಾನಿಯನ್ನು ಭರಿಸುತ್ತದೆ, ಸವಾರನದನ್ನಲ್ಲ. ವಾಹನ ನಡೆಸುವ ಮಾಲೀಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಪ್ರತ್ಯೇಕವಾಗಿದ್ದು, ಪರವಾನಗಿ ಇಲ್ಲದವನಿಗೆ ಅದರ ಪ್ರಯೋಜನ ದೊರೆಯದು. ದುಡಿಯುವ ಕೈ ಒಂದೇ ಇರುವ ಕುಟುಂಬವು ಈ ಮಾತನ್ನು ಮರೆಯಲಾಗದು.

ಐ.ಎಸ್.ಐ. ಗುರುತಿನ ಹೆಲ್ಮೆಟ್ ಸವಾರನಿಗೂ ಹಿಂಬದಿಯಲ್ಲಿ ಕುಳಿತವರಿಗೂ ಅವಶ್ಯ. ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದಾಗ ತಲೆಯಿಂದ ಕಳಚಿಹೋಗುತ್ತದೆ. ಭಾರಿ ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ವಾಹನ ಓಡಿಸುವುದು ಅಪಾಯಕರ. ಅಂಥ ದಿನ ಕಾರ್ಖಾನೆಯ ಬಸ್ಸನ್ನೇ ಆಶ್ರಯಿಸುವುದು ಜಾಣತನ.

ಅಭ್ಯಾಸ

ಓದುಗರು ತಮ್ಮ ದೂರ, ಈಗಿನ ಬಾಡಿಗೆ, ಪೆಟ್ರೋಲ್ ದರ ಮತ್ತು ಕಂತುಗಳನ್ನು ಹಾಕಿ ಮೇಲಿನ ಲೆಕ್ಕವನ್ನು ಮನೆಯವರೊಡನೆ ಕುಳಿತು ಮತ್ತೊಮ್ಮೆ ಮಾಡಬೇಕು. ಉಳಿತಾಯ ಎಷ್ಟನೆಯ ತಿಂಗಳಿನಿಂದ ಆರಂಭವಾಗುವುದು? ಅಲ್ಲಿಯವರೆಗೆ ಹೆಚ್ಚುವರಿ ಹಣ ಎಲ್ಲಿಂದ ಬರುವುದು? ಈ ಎರಡು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ದೊರೆತ ಮೇಲೆಯೇ ಮುಂಗಡ ಕೊಡುವುದು ಉಚಿತ.