ಭೋಗೋಪಭೋಗ ಪರಿಮಾಣವ್ರತವೂ ನಮ್ಮ ಮಕ್ಕಳ ಖರೀದಿಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೆಲವು ಪರ್ವದಿನಗಳಲ್ಲಿ ತಾವಾಗಿ ನೆನಪಿಗೆ ಬರುತ್ತವೆ. ಕೆಲವು ವರ್ಷವೆಲ್ಲ ಮರೆತೇ ಇರುತ್ತವೆ. ಹೀಗೆ ಮರೆತಿರುವವುಗಳಲ್ಲಿ ಭೋಗೋಪಭೋಗ ಪರಿಮಾಣವ್ರತವು ಮೊದಲನೆಯದೆಂದರೆ ತಪ್ಪಾಗಲಾರದು. ಒಮ್ಮೆ ಬಳಸಿದೊಡನೆ ಮುಗಿದುಹೋಗುವುದು ಭೋಗ. ಅನ್ನ, ಪಾನ, ಗಂಧ, ಪುಷ್ಪಗಳು ಈ ವರ್ಗದವು. ಮತ್ತೆ ಮತ್ತೆ ಬಳಸಲು ಒದಗುವುದು ಉಪಭೋಗ. ವಸ್ತ್ರ, ಆಭರಣ, ವಾಹನ, ಹಾಸಿಗೆಗಳು ಈ ವರ್ಗಕ್ಕೆ ಸೇರುತ್ತವೆ. ಇವೆರಡಕ್ಕೂ ತಾನೇ ಒಂದು ಅಳತೆಯನ್ನು ಗೊತ್ತುಮಾಡಿಕೊಳ್ಳುವುದೇ ಈ ವ್ರತದ ಸ್ವರೂಪ. ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳಲ್ಲಿ ಎಣಿಸಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕ್ರಮದಲ್ಲಿ ಇದು ಉಪಭೋಗ-ಪರಿಭೋಗ ಪರಿಮಾಣವೆಂಬ ಹೆಸರಿನಿಂದ ಶಿಕ್ಷಾವ್ರತಗಳ ಸಾಲಿನಲ್ಲಿ ಬರುತ್ತದೆ. ಎಣಿಕೆಯ ಕ್ರಮ ಬೇರೆಯಾದರೂ ಅಭಿಪ್ರಾಯ ಒಂದೇ.

ಈ ಪಾಠದಲ್ಲಿ ಆ ವ್ರತವನ್ನು ನಮ್ಮ ಮನೆಗಳ ಹದಿಮೂರರಿಂದ ಹತ್ತೊಂಬತ್ತು ವರ್ಷದ ಮಕ್ಕಳು ಇಂದು ವಸ್ತುಗಳನ್ನು ಕೊಳ್ಳುತ್ತಿರುವ ರೀತಿಯೊಡನೆ ಇಟ್ಟು ವಿಚಾರಿಸೋಣ.

೧. ಬದಲಾದದ್ದೇನು?

ನನ್ನ ಶಾಲಾದಿನಗಳಲ್ಲಿ ಹೊಸ ಬಟ್ಟೆಯೆಂಬುದು ವರ್ಷಕ್ಕೊಮ್ಮೆಯ ಮಾತು. ತಂದೆಯವರು ಅಂಗಡಿಗೆ ಕರೆದೊಯ್ದು, ಅಣ್ಣತಮ್ಮಂದಿರಿಗೆಲ್ಲ ಒಂದೇ ಥಾನಿನಿಂದ ಬಟ್ಟೆ ಹರಿಸಿ, ದರ್ಜಿಯ ಕೈಗೆ ಕೊಡುತ್ತಿದ್ದರು. ‘ಬೆಳೆಯುವ ಹುಡುಗ’ ಎಂದು ಅಂಚನ್ನು ಒಳಗೆ ಹೆಚ್ಚಾಗಿ ಮಡಿಸಿ ಹೊಲಿಸುತ್ತಿದ್ದರು. ಹಬ್ಬದ ಹಿಂದಿನ ರಾತ್ರಿಯವರೆಗೆ ದರ್ಜಿಯ ಕಟ್ಟೆಯ ಮೇಲೆ ಕಾದು ಕುಳಿತದ್ದು ಇಂದಿಗೂ ನೆನಪಿದೆ. ಬೇಕೆಂಬ ಬಯಕೆಗೂ ವಸ್ತುವು ಕೈಸೇರುವುದಕ್ಕೂ ನಡುವೆ ಆಗ ಒಂದು ದೀರ್ಘವಾದ ಅಂತರವಿತ್ತು. ಆ ಅಂತರದಲ್ಲಿ ಋತುವಿತ್ತು, ತಂದೆಯ ಕೈಚೀಲವಿತ್ತು, ತಾಯಿಯ ಒಪ್ಪಿಗೆಯಿತ್ತು, ಅಂಗಡಿಗೆ ನಡೆಯುವ ದಾರಿಯಿತ್ತು.

ಈ ಅಂತರವು ಕ್ರಮಕ್ರಮವಾಗಿ ಕುಗ್ಗಿತು. ೨೦೦೭ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಫ್ಲಿಪ್‌ಕಾರ್ಟ್ ಸಂಸ್ಥೆಯು ಅಂತರಜಾಲದ ಮೂಲಕ ಪುಸ್ತಕಗಳನ್ನು ಮಾರಲಾರಂಭಿಸಿತು. ವಸ್ತು ಬಂದಮೇಲೆ ಹಣ ಕೊಡುವ ಅನುಕೂಲವನ್ನು ಅದು ೨೦೧೦ರಲ್ಲಿ ಕಲ್ಪಿಸಿತು. ೨೦೧೬ರಲ್ಲಿ ಯುಪಿಐ ಪಾವತಿಯೂ ಅಗ್ಗದ ಮೊಬೈಲ್ ಅಂತರಜಾಲವೂ ಒಟ್ಟಿಗೆ ಬಂದವು. ೨೦೨೦ರ ಅನಂತರ ಬೆಂಗಳೂರು ಮೊದಲಾದ ನಗರಗಳಲ್ಲಿ, ಬಡಾವಣೆಯೊಳಗಿನ ಸಣ್ಣ ಗೋದಾಮುಗಳಿಂದ ಕೆಲವೇ ನಿಮಿಷಗಳಲ್ಲಿ ಸಾಮಾನು ತಲುಪಿಸುವ ವ್ಯಾಪಾರವು ಬೆಳೆಯಿತು. ೨೦೨೫ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕು ಗೊತ್ತುಪಡಿಸಿದ ಮಿತಿಯೊಳಗೆ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದೆಂದು ಸೂಚಿಸಿತು. ಹೀಗೆ ಋತು, ದಾರಿ, ಕೈಚೀಲ, ಒಪ್ಪಿಗೆ ಎಂಬ ನಾಲ್ಕೂ ತಡೆಗಳು ಒಂದೊಂದಾಗಿ ಸರಿದುಹೋದವು. ಇಂದಿನ ಬಾಲಕನು ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಮಲಗಿಯೇ ಪಾದರಕ್ಷೆಯನ್ನು ಕೊಳ್ಳಬಲ್ಲನು.

೨. ಹಿರಿಯರ ಒಂದು ಭ್ರಮೆ

ಇದನ್ನು ಕಂಡು ನಾವು ಹಿರಿಯರು, ‘ನಮ್ಮ ಕಾಲದಲ್ಲಿ ಎರಡೇ ಜೊತೆ ಬಟ್ಟೆಯಲ್ಲಿ ವಿದ್ಯೆ ಮುಗಿಸಿದೆವು’ ಎಂದು ಹೇಳಿಕೊಳ್ಳುತ್ತೇವೆ. ಮಾತು ಸತ್ಯ, ಆದರೆ ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ. ಅನಿಷ್ಟವಾದುದನ್ನೂ ಸೇವಿಸಬಾರದುದನ್ನೂ ಬಿಡುವುದು ಹೇಗೂ ಕರ್ತವ್ಯವೇ. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆಗೆಯುವುದೇ ವ್ರತವೆಂದು ಸಮಂತಭದ್ರಾಚಾರ್ಯರು ನಿರೂಪಿಸಿದ್ದಾರೆ. ನಮ್ಮ ಎರಡು ಜೊತೆ ಬಟ್ಟೆಯ ಹಿಂದೆ ಸಂಕಲ್ಪವಿರಲಿಲ್ಲ, ಹಣವಿರಲಿಲ್ಲ. ಮೂರನೆಯ ಜೊತೆ ದೊರೆತಿದ್ದರೆ ಬೇಡವೆನ್ನುತ್ತಿದ್ದೆವೇ? ಇಲ್ಲದಿರುವಿಕೆ ಬೇರೆ, ಬಿಟ್ಟಿರುವಿಕೆ ಬೇರೆ. ಹೊರಗಿನ ತಡೆಯಿಂದ ನಾವು ಮಿತವಾಗಿದ್ದೆವು. ಆ ತಡೆ ಹೋದಮೇಲೆ ನಮ್ಮ ಕಪಾಟುಗಳೂ ತುಂಬಿವೆ. ಆದ್ದರಿಂದ ಈ ವ್ರತದ ನಿಜವಾದ ಪರೀಕ್ಷೆ ನಮ್ಮ ಬಾಲ್ಯದಲ್ಲಿ ನಡೆಯಲಿಲ್ಲ. ಅದು ಈಗ, ನಮ್ಮ ಮಕ್ಕಳ ಕಾಲದಲ್ಲಿ ನಡೆಯುತ್ತಿದೆ.

೩. ಅವಸರಪಡಿಸುವ ಉಪಾಯಗಳು

ವಾಣಿಜ್ಯವು ಭಗವಾನ್ ಆದಿನಾಥರು ಲೋಕಕ್ಕೆ ಕಲಿಸಿದ ಷಟ್ಕರ್ಮಗಳಲ್ಲಿ ಒಂದು. ನಮ್ಮ ಸಮಾಜದ ಅನೇಕ ಕುಟುಂಬಗಳು ಅಂಗಡಿಯಿಂದಲೇ ಬಾಳಿವೆ. ಆದುದರಿಂದ ವ್ಯಾಪಾರವನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಕೊಳ್ಳುವವನಿಗೆ ಯೋಚಿಸಲು ಬಿಡುವು ಕೊಡದಿರುವುದೇ ಈಗ ಒಂದು ವಿದ್ಯೆಯಾಗಿ ಬೆಳೆದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ರ ನವೆಂಬರ್ ೩೦ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂತಹ ೧೩ ವಂಚಕ ವಿಧಾನಗಳನ್ನು ಹೆಸರಿಸಿ ನಿಷೇಧಿಸಿದೆ. ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಅವಸರವನ್ನು ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಯಲ್ಲಿ ಸೇರಿಸುವುದು, ಬೇಡವೆಂದವನಿಗೆ ನಾಚಿಕೆಯಾಗುವಂತೆ ಮಾತು ಹೆಣೆಯುವುದು, ಬೆಲೆಯನ್ನು ಪೂರ್ತಿ ತಿಳಿಸದೆ ಕೊನೆಗೆ ಏರಿಸುವುದು, ಜಾಹೀರಾತನ್ನು ಸ್ನೇಹಿತನ ಸಲಹೆಯಂತೆ ತೋರಿಸುವುದು ಇವುಗಳಲ್ಲಿ ಕೆಲವು. ಹಣ ಅಥವಾ ಉಡುಗೊರೆ ಪಡೆದು ವಸ್ತುವನ್ನು ಹೊಗಳುವವರು ಅದನ್ನು ಬಹಿರಂಗಪಡಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿಯೂ ೨೦೨೧ರಲ್ಲಿ ನಿಯಮ ಮಾಡಿದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ಚಲನವಲನವನ್ನು ಹಿಂಬಾಲಿಸಿ ಅವರಿಗೆಂದೇ ಗುರಿಯಿಟ್ಟು ಜಾಹೀರಾತು ತೋರಿಸಬಾರದೆನ್ನುತ್ತದೆ. ಅದರ ನಿಯಮಗಳು ೨೦೨೫ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತಾಗಿದೆ. ರಾಜ್ಯವ್ಯವಸ್ಥೆಯೇ ಇಷ್ಟು ಎಚ್ಚರ ವಹಿಸಬೇಕಾಗಿರುವಾಗ, ಹದಿನೈದು ವರ್ಷದ ಮಗುವೊಂದೇ ತಪ್ಪಿತಸ್ಥನೆಂದು ಹೇಳುವುದು ನ್ಯಾಯವಲ್ಲ.

ಇನ್ನೊಂದು ಅಂಶವನ್ನೂ ಗಮನಿಸತಕ್ಕದ್ದು. ಹಿಂದೆ ತಾಯಿಯು ನೋಡಿ, ಕೇಳಿ, ಆರಿಸಿದ ವಸ್ತುವೇ ಮನೆಗೆ ಬರುತ್ತಿತ್ತು. ಈಗ ಪಾರ್ಸೆಲ್ ನೇರವಾಗಿ ಮಗುವಿನ ಕೈಗೆ ಬರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಮಕ್ಕಳು ನಿಶ್ಚಿಂತರಾಗುತ್ತಾರೆ. ಆದರೆ ಸರ್ಕಾರದ ನಿಯಮದಲ್ಲಿ ಜೇನುತುಪ್ಪವು ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿದೆ. ಜೇನು ಬೆರೆತ ಬಿಸ್ಕತ್ತಿಗೂ ಹಸಿರು ಚುಕ್ಕೆಯೇ ಇರುತ್ತದೆ. ಮದ್ಯ, ಮಾಂಸ, ಮಧು ಎಂಬ ಮೂರರ ತ್ಯಾಗವನ್ನು ಮೂಲಗುಣವೆಂದು ಪಾಲಿಸುವ ನಮಗೆ ಆ ಚುಕ್ಕೆ ಸಾಲದು. ಗಡ್ಡೆಗೆಣಸುಗಳ ವಿಷಯವೂ ಹಾಗೆಯೇ. ತುಟಿಬಣ್ಣಗಳಲ್ಲಿ ಬಳಸುವ ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ಅರೆದು ತೆಗೆಯುತ್ತಾರೆ. ಪಟ್ಟಿಯಲ್ಲಿ ಅದು ೭೫೪೭೦ ಎಂಬ ಸಂಖ್ಯೆಯಾಗಿ ಮಾತ್ರ ಕಾಣಬಹುದು. ಇದನ್ನು ಓದಿ ತಿಳಿಯಲು ಬಿಡುವು ಬೇಕು. ಆ ಬಿಡುವೇ ಇಂದಿನ ಖರೀದಿಯಲ್ಲಿ ಇಲ್ಲ.

೪. ಅತಿಚಾರಗಳು ಮನಸ್ಸಿನಲ್ಲಿವೆ

ಈ ವ್ರತಕ್ಕೆ ಸಮಂತಭದ್ರಾಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ವಿಷಯವೆಂಬ ವಿಷದಲ್ಲಿ ಉದಾಸೀನನಾಗದೆ ಆದರವಿಡುವುದು. ಅನುಭವಿಸಿದುದನ್ನು ಮತ್ತೆ ಮತ್ತೆ ನೆನೆಯುವುದು, ಇದು ಅನುಸ್ಮೃತಿ. ಅನುಭವಿಸಿದಮೇಲೂ ಇನ್ನೂ ಬೇಕೆಂಬ ಅತಿಲೌಲ್ಯ. ಮುಂದೆ ಬರಬಹುದಾದ ಭೋಗಕ್ಕಾಗಿ ಹಂಬಲಿಸುವ ಅತಿತೃಷೆ. ಅನುಭವಿಸುವಾಗ ಅದರಲ್ಲೇ ಮುಳುಗಿಹೋಗುವುದು. ಈ ಐದೂ ಮನಸ್ಸಿನ ದೋಷಗಳೆಂಬುದನ್ನು ವಾಚಕರು ಗಮನಿಸಬೇಕು. ವಸ್ತುಗಳ ಸಂಖ್ಯೆ ಮಿತಿಯೊಳಗಿದ್ದರೂ ಅತಿಚಾರ ಸಂಭವಿಸಬಹುದು. ಮೊಬೈಲಿನಲ್ಲಿ ಒಂದು ಗಂಟೆ ಬಟ್ಟೆಗಳನ್ನು ಸರಿಸಿ ಸರಿಸಿ ನೋಡಿ, ಹೃದಯದ ಗುರುತನ್ನು ಒತ್ತಿ, ಏನನ್ನೂ ಕೊಳ್ಳದೆ ಮಲಗಿದ ಬಾಲಕಿಯ ಹಣ ಉಳಿಯಿತು. ಅತಿತೃಷೆಯು ಮಾತ್ರ ಒಂದು ಗಂಟೆ ಬೆಳೆಯಿತು. ‘ನಮ್ಮ ಮಗಳು ಬರೀ ನೋಡುತ್ತಾಳೆ, ಕೊಳ್ಳುವುದಿಲ್ಲ’ ಎಂದು ತಾಯಿತಂದೆಗಳು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳೂ ಇಲ್ಲಿ ತೆರೆದಿವೆ. ಆರ್ಡರ್ ಮಾಡಿದವನು ಮಗ; ಖಾತೆ ತಂದೆಯದು; ‘ಹೋಗಲಿ ಬಿಡು’ ಎಂದವಳು ತಾಯಿ. ಪಾಲು ಮೂವರದೂ ಇದೆ.

೫. ನಮ್ಮ ಮನೆಯಲ್ಲಿ ನಡೆದುದು

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ನಾನು ಬಸದಿಯಲ್ಲಿ ಅದೇ ಧರ್ಮವನ್ನು ಕುರಿತು ಉಪನ್ಯಾಸ ಮಾಡಿ ಮನೆಗೆ ಬಂದಾಗ ಬಾಗಿಲಲ್ಲಿ ಒಂದು ಪಾರ್ಸೆಲ್ ಇತ್ತು. ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳಿಗೆ ಬಂದ ಪಾದರಕ್ಷೆ. ಆ ವರ್ಷದಲ್ಲಿ ನಾಲ್ಕನೆಯದು. ಅವಳು ಹತ್ತು ದಿನವೂ ಏಕಾಶನ ಮಾಡುತ್ತಿದ್ದಳು. ನಾನು ಬಂದವರೆಲ್ಲರ ಎದುರಿಗೆ, “ಹೊಟ್ಟೆಗೆ ಉಪವಾಸ, ಕಾಲಿಗೆ ಪಾರಣೆಯೇನಮ್ಮ?” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳು ಒಳಗೆ ಹೋದಳು.

ಮರುದಿನ ಚತುರ್ದಶಿ. ಪೂಜೆ ಮುಗಿದ ಮೇಲೆ ಬಂದು ಕುಳಿತು ಕೇಳಿದಳು: “ಅಜ್ಜಾ, ನಿಮ್ಮ ಕಪಾಟಿನಲ್ಲಿ ಶಾಲುಗಳು ಎಷ್ಟಿವೆ?”

ನಾನು ಎಣಿಸಿರಲಿಲ್ಲ. ಎಣಿಸಿದೆವು. ಸನ್ಮಾನದ ಶಾಲುಗಳು ಇಪ್ಪತ್ತಮೂರು. ನಾನು ಹೊದೆಯುವುದು ಎರಡನ್ನು. ಉಳಿದವುಗಳಲ್ಲಿ ಕೆಲವು ರೇಷ್ಮೆಯವು. ಒಂದೊಂದು ಶಾಲಿನೊಡನೆಯೂ ಯಾವ ಸಭೆ, ಯಾರು ಹೊದಿಸಿದರು, ಎಷ್ಟು ಜನ ಚಪ್ಪಾಳೆ ತಟ್ಟಿದರು ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಅನುಸ್ಮೃತಿಯೆಂಬ ಶಬ್ದಕ್ಕೆ ನಲವತ್ತು ವರ್ಷ ಅರ್ಥ ಹೇಳಿದವನಿಗೆ ಅದರ ಉದಾಹರಣೆ ಅಂದು ತನ್ನ ಕಪಾಟಿನಲ್ಲಿಯೇ ದೊರೆಯಿತು.

ಅವಳ ಮಾತನ್ನೂ ಅಂದು ಮೊದಲಬಾರಿ ಪೂರ್ತಿ ಕೇಳಿದೆ. “ಅಜ್ಜಾ, ಆಸೆಗಿಂತ ಹೆದರಿಕೆ ಹೆಚ್ಚು. ಒಂದೇ ಉಡುಪು ಎರಡು ಫೋಟೋದಲ್ಲಿ ಕಂಡರೆ ಗೆಳತಿಯರು ಮಾತಾಡುತ್ತಾರೆ” ಎಂದಳು. ನಾನು ಅದನ್ನು ಲೋಭವೆಂದೇ ತಿಳಿದಿದ್ದೆ. ಅದರ ಬೇರಿನಲ್ಲಿದ್ದುದು ಗುಂಪಿನಿಂದ ಹೊರಗಾಗುವ ಭಯ. ಶಾಲುಗಳನ್ನು ಬೇಡವೆನ್ನಲಾರದ ನನ್ನಲ್ಲಿದ್ದುದೂ ಅದೇ ಜಾತಿಯ ಭಯವಲ್ಲವೇ?

೬. ಆಚರಣೆಯ ಕ್ರಮ

ಜೀವಮಾನಪರ್ಯಂತದ ತ್ಯಾಗ ಯಮ. ಕಾಲದ ಮಿತಿಯಿರುವ ತ್ಯಾಗ ನಿಯಮ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನವೆಂದು ನಿಯಮದ ಕಾಲವನ್ನು ಆಚಾರ್ಯರು ಸಣ್ಣಸಣ್ಣದಾಗಿ ವಿಭಾಗಿಸಿ ಕೊಟ್ಟಿರುವುದು ಗೃಹಸ್ಥನ ಮೇಲಿನ ಕರುಣೆಯಿಂದ. ಹದಿಹರೆಯದವರಿಗೆ ನಿಯಮವೇ ತಕ್ಕದ್ದು. ನಾನೂ ಮೊಮ್ಮಗಳೂ ಕೂಡಿ ಗೊತ್ತುಮಾಡಿಕೊಂಡ ಕ್ರಮ ಹೀಗಿದೆ:

(ಅ) ಮೊದಲು ಎಣಿಕೆ. ಇರುವುದನ್ನು ಬರೆಯದೆ ಪರಿಮಾಣ ಹೇಳುವುದು ಅಂದಾಜು ಮಾತ್ರ. ಮನೆಯ ಹಿರಿಯರ ಪಟ್ಟಿಯೇ ಮೊದಲು ಆಗತಕ್ಕದ್ದು.

(ಆ) ಅಳತೆಯನ್ನು ಮಕ್ಕಳೇ ಹೇಳಬೇಕು. ನಾವು ಹೇರಿದ ಸಂಖ್ಯೆಯು ನಮ್ಮ ಬಾಲ್ಯದ ಬಡತನದಂತೆ ಹೊರಗಿನ ತಡೆಯಾಗುತ್ತದೆ, ವ್ರತವಾಗುವುದಿಲ್ಲ. ಅವಳು ಪಾದರಕ್ಷೆ ಮೂರು ಜೊತೆ ಎಂದಳು. ನಾನು ಎರಡು ಎನ್ನಬೇಕೆಂದಿದ್ದವನು ಸುಮ್ಮನಾದೆ.

(ಇ) ಹೊಸದಾಗಿ ಬೇಕೆನಿಸಿದ್ದನ್ನು ಪುಸ್ತಕದಲ್ಲಿ ಬರೆದು ಮುಚ್ಚಿಡಬೇಕು; ಒಂದು ಪಕ್ಷ ಕಳೆದ ಮೇಲೆ ತೆರೆಯಬೇಕು. ನಿತ್ಯವೂ ತೆರೆದು ನೋಡಿದರೆ ಆ ಪುಸ್ತಕವೇ ಅತಿತೃಷೆಯ ಮನೆಯಾಗುತ್ತದೆ. ಪಾಠಪುಸ್ತಕ, ಔಷಧಗಳಿಗೆ ಈ ಕಟ್ಟಿಲ್ಲ.

(ಈ) ಅಷ್ಟಮಿ, ಚತುರ್ದಶಿಗಳಂದು ಕೊಳ್ಳುವುದೂ ಇಲ್ಲ, ಕೊಳ್ಳುವ ಆಪ್‌ಗಳನ್ನು ತೆರೆಯುವುದೂ ಇಲ್ಲ.

(ಉ) ತಪ್ಪಿದಲ್ಲಿ ಮುಚ್ಚಿಡದೆ ಹೇಳಿ, ಮತ್ತೆ ನಿಯಮ ತೆಗೆದುಕೊಳ್ಳಬೇಕು. ಹಾಸ್ಯ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಮೂರು ತಿಂಗಳಲ್ಲಿ ಅವಳು ಬರೆದದ್ದು ಒಂಬತ್ತು ವಸ್ತು; ಪಕ್ಷ ಕಳೆದಮೇಲೂ ಬೇಕೆನಿಸಿ ಕೊಂಡದ್ದು ಮೂರು. ಬಂಧುಗಳ ಮದುವೆಯಲ್ಲಿ ಒಮ್ಮೆ ತಪ್ಪಿದಳು. ತಾನೇ ಬಂದು ಹೇಳಿದಳು. ನಾನು ಹತ್ತಿಯ ಮತ್ತು ಉಣ್ಣೆಯ ಶಾಲುಗಳನ್ನು ಚಳಿಗಾಲಕ್ಕೆ ಮುನ್ನ ಬೇಕಾದವರಿಗೆ ಕೊಟ್ಟೆ. ಅನಂತರ ಒಂದು ಸಭೆಯಲ್ಲಿ ಮತ್ತೊಂದು ಶಾಲು ಹೆಗಲಿಗೆ ಬಂದಿತು; ಬೇಡವೆನ್ನಲು ನಾಲಗೆ ಏಳಲಿಲ್ಲ. ಮನೆಗೆ ಬಂದು ಅದನ್ನು ಅವಳ ಮುಂದೆ ಇಟ್ಟೆ. ಅವಳು ನಗಲಿಲ್ಲ, ಪುಸ್ತಕದಲ್ಲಿ ನನ್ನ ಪುಟ ತೆಗೆದು ಕೊಟ್ಟಳು. ಈಗ ಆಹ್ವಾನ ಬಂದಾಗಲೇ ಶಾಲು ಬೇಡವೆಂದು ಕಾಗದ ಬರೆಯುತ್ತೇನೆ.

ಹೊರಗಿನ ಅಂತರಗಳು ಇನ್ನು ಮರಳಿ ಬರುವುದಿಲ್ಲ. ದರ್ಜಿಯ ಕಟ್ಟೆಯ ಮೇಲೆ ಮಕ್ಕಳನ್ನು ಮತ್ತೆ ಕೂರಿಸುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಬಯಕೆಗೂ ಕೈಗೂ ನಡುವೆ ಒಂದು ಪಕ್ಷದ ಅಂತರವನ್ನು ಅವರೇ ಇಟ್ಟುಕೊಳ್ಳುವುದಾದರೆ, ನಮಗೆ ಬಡತನ ಕಲಿಸಲಾರದೆ ಹೋದದ್ದನ್ನು ಅವರು ಸಮೃದ್ಧಿಯ ನಡುವೆಯೇ ಕಲಿತಂತಾಗುತ್ತದೆ.

ಮನನಕ್ಕೆ ಪ್ರಶ್ನೆಗಳು

೧. ಭೋಗಕ್ಕೂ ಉಪಭೋಗಕ್ಕೂ ಇರುವ ಭೇದವನ್ನು ನಿಮ್ಮ ಮನೆಗೆ ಈ ತಿಂಗಳು ಬಂದ ವಸ್ತುಗಳಿಂದಲೇ ಉದಾಹರಿಸಿರಿ.
೨. ಇಲ್ಲದಿರುವಿಕೆಯು ವ್ರತವೇಕೆ ಆಗುವುದಿಲ್ಲ?
೩. ಏನನ್ನೂ ಕೊಳ್ಳದೆ ನೋಡುತ್ತಿರುವುದರಲ್ಲಿ ಯಾವ ಅತಿಚಾರವಿದೆ?
೪. ನಿಮ್ಮ ಕಪಾಟಿನಲ್ಲಿ ಒಂದು ವರ್ಷದಿಂದ ಮುಟ್ಟದಿರುವ ವಸ್ತುಗಳು ಎಷ್ಟು? (ಹಿರಿಯರು ಮೊದಲು ಉತ್ತರಿಸತಕ್ಕದ್ದು.)