ನೆಕ್‌ಟೈ: ಬದಲಾಗುವ ಅಗಲ, ಉಳಿದುಬಂದ ಬೇಡಿಕೆ

ಮೈ ಮುಚ್ಚುವುದಕ್ಕಾಗಲಿ, ಚಳಿ ತಡೆಯುವುದಕ್ಕಾಗಲಿ ಟೈ ಉಪಯೋಗಕ್ಕೆ ಬಾರದು. ಹಿಂದಿನ ತಲೆಮಾರಿನ ವಿನೋದಪ್ರಿಯರು ಅದನ್ನು ‘ಕಂಠಕೌಪೀನ’ವೆಂದು ಕರೆದು ನಗುತ್ತಿದ್ದುದೂ ಇದೇ ಕಾರಣಕ್ಕೆ. ಆದರೂ ಈ ಸರಕಿಗೆ ಮುನ್ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಇಂಥ ವಸ್ತು ಮಾರುಕಟ್ಟೆಯಲ್ಲಿ ಇಷ್ಟು ಕಾಲ ಉಳಿದದ್ದು ಹೇಗೆ, ಅದನ್ನು ನಂಬಿದವರು ಎಲ್ಲಿ ನಷ್ಟಕ್ಕೊಳಗಾದರು ಎಂಬುದನ್ನು ಸಿದ್ಧ ಉಡುಪು ಹಾಗೂ ಸಮವಸ್ತ್ರದ ವಹಿವಾಟಿನಲ್ಲಿ ತೊಡಗಿರುವ ವರ್ತಕ ಬಾಂಧವರು ಅರಿತಿರುವುದು ಒಳಿತು.

17ನೆಯ ಶತಮಾನದಲ್ಲಿ ಫ್ರಾನ್ಸಿನ ಸೇವೆಯಲ್ಲಿದ್ದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಕಟ್ಟುತ್ತಿದ್ದ ವಸ್ತ್ರವೇ ಟೈಯ ಮೂಲ. 14ನೆಯ ಲೂಯಿಯ ಆಸ್ಥಾನ ಅದನ್ನು ಮೆಚ್ಚಿತು. ‘ಕ್ರವಾಟ್’ ಎಂಬ ಹೆಸರು ಆ ಸೈನಿಕರ ನಾಡಿನಿಂದಲೇ ಬಂದದ್ದು. ಇಂದಿನ ಉದ್ದನೆಯ ಟೈ ರೂಢಿಗೆ ಬಂದದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ.

ತಯಾರಕರ ದೃಷ್ಟಿಯಿಂದ ನಿಜವಾದ ತಿರುವು 1920ರ ದಶಕದ್ದು. ಅಲ್ಲಿಯವರೆಗೆ ಬಟ್ಟೆಯನ್ನು ಹಾಸಿನ ನೇರಕ್ಕೆ ಕತ್ತರಿಸುತ್ತಿದ್ದುದರಿಂದ ಗಂಟು ಬಿಚ್ಚಿದ ಮೇಲೆ ಸುಕ್ಕು ಉಳಿದು, ಟೈ ಬೇಗನೆ ಹಾಳಾಗುತ್ತಿತ್ತು. ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬ ತಯಾರಕನು ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಮೂರು ತುಂಡುಗಳಾಗಿ ಜೋಡಿಸುವ ಕ್ರಮಕ್ಕೆ ಪೇಟೆಂಟ್ ಪಡೆದನು. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತದೆ. ಇದರಿಂದ ಬಟ್ಟೆಯ ತುಣುಕು ಹೆಚ್ಚು ವ್ಯರ್ಥವಾಗುತ್ತದೆ, ನಿಜ. ಆದರೆ ಒಂದು ಶತಮಾನ ಕಳೆದರೂ ಒಳ್ಳೆಯ ಟೈಯ ರಚನೆ ಇದೇ. ಸರಕು ಕೊಳ್ಳುವಾಗ ಪರೀಕ್ಷೆ ಸುಲಭ: ಟೈಯನ್ನು ಕಿರಿದಾದ ತುದಿಯಿಂದ ಹಿಡಿದು ತೂಗುಬಿಟ್ಟರೆ ಅದು ನೇರವಾಗಿ ನಿಲ್ಲಬೇಕು. ತಿರುಚಿಕೊಂಡರೆ ಕತ್ತರಿಕೆಯ ಓರೆ ತಪ್ಪಿದೆಯೆಂದೇ ತಿಳಿಯಬೇಕು. ಹಿಂಬದಿಯ ಹೊಲಿಗೆ ಸಡಿಲವಾಗಿರುವುದೂ ದೋಷವಲ್ಲ. ಒಳಪದರದ ಮೇಲೆ ಬಟ್ಟೆ ಸರಿದಾಡಲೆಂದೇ ಹಾಗೆ ಹೊಲಿದಿರುತ್ತಾರೆ. ಕೊನೆಯಲ್ಲಿ ಕಾಣುವ ದಾರದ ಕುಣಿಕೆಯನ್ನು ಕತ್ತರಿಸಬಾರದೆಂದು ಗಿರಾಕಿಗೆ ತಿಳಿಸಿದರೆ ಅನೇಕ ದೂರುಗಳು ತಪ್ಪುತ್ತವೆ.

ರಚನೆ ಸ್ಥಿರವಾಯಿತು, ಅಗಲ ಮಾತ್ರ ಆಗಲಿಲ್ಲ. 1940ರ ದಶಕದ ಕೊನೆಗೆ ನಾಲ್ಕೂವರೆ ಅಂಗುಲದಷ್ಟು ಅಗಲವಾಗಿದ್ದ ಟೈ 1960ರ ಆರಂಭಕ್ಕೆ ಎರಡು ಅಂಗುಲದ ಆಸುಪಾಸಿಗೆ ಇಳಿಯಿತು. ಆ ದಶಕದ ಉತ್ತರಾರ್ಧದಲ್ಲಿ ಲಂಡನ್ನಿನ ಮೈಕೆಲ್ ಫಿಶ್ ‘ಕಿಪ್ಪರ್’ ಎಂಬ ಅತಿ ಅಗಲದ ಟೈಗಳನ್ನು ಚಾಲ್ತಿಗೆ ತಂದನು. ರಾಲ್ಫ್ ಲಾರೆನ್ ಎಂಬ ಇಂದಿನ ಜಗದ್ವಿಖ್ಯಾತ ಉಡುಪು ಸಂಸ್ಥೆಯ ಆರಂಭವೂ 1967ರಲ್ಲಿ ಅಗಲ ಟೈಗಳ ಮಾರಾಟದಿಂದಲೇ ಆಯಿತು. 1990ರ ದಶಕದಲ್ಲಿ ನಾಲ್ಕು ಅಂಗುಲ, 2008ರ ನಂತರ ಮತ್ತೆ ಎರಡೂವರೆ. ಹೀಗೆ ಚಕ್ರ ಉರುಳುತ್ತಲೇ ಇದೆ. ಟೈಯ ಅಗಲ ಸ್ವತಂತ್ರವಾದುದಲ್ಲ. ಕೋಟಿನ ಎದೆಯ ಮಡಿಕೆ, ಅಂಗಿಯ ಕಾಲರು ಹಿಗ್ಗಿದರೆ ಅದೂ ಹಿಗ್ಗುತ್ತದೆ. ಕೋಟಿನ ಕಡೆ ಕಣ್ಣಿಡದೆ ಟೈ ದಾಸ್ತಾನು ಮಾಡುವವನು ಪೈರು ನೋಡದೆ ಧಾನ್ಯಕ್ಕೆ ಮುಂಗಡ ಕೊಟ್ಟವನಂತೆ. ಮೂರರಿಂದ ಮೂರೂಕಾಲು ಅಂಗುಲದ ಸರಕು ಯಾವ ಕಾಲಕ್ಕೂ ತೀರಾ ಅಪಹಾಸ್ಯಕ್ಕೆ ಗುರಿಯಾಗಿಲ್ಲ ಎಂಬುದು ಗಮನಾರ್ಹ.

ಆದರೆ ಅಗಲದ ಏರಿಳಿತಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ದಿನಬಳಕೆಗೇ. ಅಮೆರಿಕದಲ್ಲಿ ಪ್ರತಿದಿನವೂ ಕೆಲಸಕ್ಕೆ ಟೈ ಧರಿಸುವ ಪುರುಷರು 2002ರಲ್ಲಿ ಶೇ. 10ರಷ್ಟಿದ್ದು, 2007ಕ್ಕೆ ಶೇ. 6ಕ್ಕೆ ಇಳಿದರೆಂದು ಗ್ಯಾಲಪ್ ಸಂಸ್ಥೆಯ ಸಮೀಕ್ಷೆ ತಿಳಿಸಿತು. ಆ ದೇಶದ ಟೈ ತಯಾರಕರ ಅರವತ್ತು ವರ್ಷಗಳ ಹಳೆಯ ಸಂಘ 2008ರಲ್ಲಿ ಬಾಗಿಲು ಮುಚ್ಚಿತು. ಜಪಾನಿನಲ್ಲಿ 2005ರ ಬೇಸಿಗೆಯಲ್ಲಿ ಸರ್ಕಾರವೇ ‘ಕೂಲ್ ಬಿಜ್’ ಎಂಬ ಅಭಿಯಾನ ಆರಂಭಿಸಿ, ಕಚೇರಿಗಳ ಹವಾನಿಯಂತ್ರಣವನ್ನು 28 ಡಿಗ್ರಿಯಲ್ಲಿಡಿ, ಕೋಟು ಟೈ ಬಿಡಿ ಎಂದು ಕರೆ ನೀಡಿತು. ಅಲ್ಲಿನ ಟೈ ತಯಾರಕರು ಪ್ರತಿಭಟಿಸಿದರೂ ಫಲ ದೊರೆಯಲಿಲ್ಲ. ವಿದ್ಯುತ್ ಉಳಿತಾಯದ ಒಂದು ಆದೇಶ ಇಡೀ ಕಸುಬಿನ ಬುಡಕ್ಕೆ ಕೊಡಲಿಯಾದೀತೆಂದು ಯಾವ ತಯಾರಕನು ತಾನೇ ಊಹಿಸಿದ್ದನು?

ಹಾಗಾದರೆ ಉಳಿದದ್ದೇನು? 1880ರಲ್ಲಿ ಆಕ್ಸ್‌ಫರ್ಡಿನ ಎಕ್ಸಿಟರ್ ಕಾಲೇಜಿನ ದೋಣಿ ಸ್ಪರ್ಧಿಗಳು ಟೋಪಿಯ ಬಣ್ಣದ ಪಟ್ಟಿಯನ್ನು ಬಿಚ್ಚಿ ಕೊರಳಿಗೆ ಕಟ್ಟಿಕೊಂಡರೆಂಬ ಮಾತು ಪ್ರಚಲಿತವಾಗಿದೆ. ಅಂದಿನಿಂದ ಶಾಲೆ, ಸೇನಾದಳ, ಕ್ಲಬ್ಬುಗಳಿಗೆ ತಮ್ಮದೇ ಪಟ್ಟೆಗಳಾದವು. ಬ್ರಿಟಿಷ್ ಟೈಯ ಪಟ್ಟೆ ಧರಿಸಿದವನ ಎಡ ಭುಜದಿಂದ ಬಲಕ್ಕೆ ಇಳಿಯುತ್ತದೆ. ಅಮೆರಿಕದ ಬ್ರೂಕ್ಸ್ ಬ್ರದರ್ಸ್ ಸಂಸ್ಥೆ ಅದನ್ನು ಬಲದಿಂದ ಎಡಕ್ಕೆ ತಿರುಗಿಸಿ ಮಾರಿತು. ಇದರಿಂದ ಯಾವ ದಳಕ್ಕೂ ಸೇರದ ಗಿರಾಕಿ ಸಂಕೋಚವಿಲ್ಲದೆ ಪಟ್ಟೆಯ ಟೈ ಧರಿಸುವಂತಾಯಿತು. ವ್ಯಾಪಾರದ ಜಾಣತನಕ್ಕೆ ಇದಕ್ಕಿಂತ ಅಗ್ಗದ ಉದಾಹರಣೆ ಸಿಗಲಾರದು. ಗಿರಾಕಿ ಕೊಳ್ಳುವುದು ‘ನಾನು ಇಂಥವರ ಪೈಕಿ’ ಎಂಬ ಗುರುತನ್ನು. ಬಟ್ಟೆ ನೆಪ ಮಾತ್ರ.

ನಮ್ಮಲ್ಲಿ ಈ ಗುರುತಿನ ಬೇಡಿಕೆ ಇನ್ನೂ ಕುಂದಿಲ್ಲ. ಖಾಸಗಿ ಶಾಲೆ, ಹೋಟೆಲು, ವಿಮಾನಯಾನ ಸಂಸ್ಥೆಗಳು ಸಮವಸ್ತ್ರದ ಭಾಗವಾಗಿ ಟೈ ಕೊಳ್ಳುತ್ತವೆ. ಮಕ್ಕಳಿಗೆ ಬೇಕಾದುದು ಎಲಾಸ್ಟಿಕ್ ಇರುವ, ಮೊದಲೇ ಗಂಟು ಹಾಕಿದ ಪಾಲಿಯೆಸ್ಟರ್ ಟೈ. ರೇಷ್ಮೆ ಟೈ ಮದುವೆಗೆ, ಉಡುಗೊರೆಗೆ ಮೀಸಲು. ಕಚ್ಚಾ ರೇಷ್ಮೆಗೆ ಹೆಸರಾದ ನಮ್ಮ ರಾಜ್ಯದ ನೇಕಾರರು ಇತ್ತ ಗಮನ ಹರಿಸುವುದಾದರೆ ಒಂದು ಮಾತು: ವೇಗದ ಮಗ್ಗದಲ್ಲಿ ಹಾಸಿಗೆ ಸಮಗಾತ್ರದ ನೂಲು ಬೇಕು. ಅದಕ್ಕೆ ಮಿಶ್ರತಳಿ ಗೂಡಿಗಿಂತ ದ್ವಿತಳಿ ಗೂಡಿನ ನೂಲೇ ಉತ್ತಮ.

ಶಾಲೆಯ ಟೈಗೂ ತನ್ನದೇ ಅಪಾಯವಿದೆ. ಒಂದು ಶಾಲೆಯ ಪಟ್ಟೆ ಇನ್ನೊಂದು ಶಾಲೆಗೆ ನಡೆಯದು. ಆಡಳಿತ ಮಂಡಳಿ ಬಣ್ಣ ಬದಲಿಸಿದ ದಿನವೇ ಉಳಿದ ದಾಸ್ತಾನು ಚಿಂದಿ. ಆದುದರಿಂದ ಬಟ್ಟೆಯ ಮಾದರಿಗೆ ಶಾಲೆಯವರ ರುಜು ಪಡೆದು, ಮುಂಗಡ ಪಡೆದ ನಂತರವೇ ಬಣ್ಣದ ನೂಲು ಕೊಳ್ಳತಕ್ಕದ್ದು. ಮುಂದಿನ ವರ್ಷದ ಆರ್ಡರಿಗೆ ಬಣ್ಣ ಹಾಕಿಸುವಾಗ ಹಳೆಯ ಮಾದರಿಯ ತುಂಡನ್ನು ಬಣ್ಣಗಾರರಿಗೆ ಕೊಡಬೇಕು. ಅಣ್ಣನ ಟೈ ಒಂದು ಛಾಯೆ, ತಮ್ಮನದು ಇನ್ನೊಂದು ಛಾಯೆ ಆದರೆ ಮೊದಲು ದೂರು ತರುವವರು ಪೋಷಕರೇ.